ಹನ್ನೆರಡು ಗಂಟಲುಗಳ ಮಿಯುರಾ: ಒಂದು ಕಾರ್ಬ್ಯುರೇಟರ್ ದುರಸ್ತಿಯ ದಾಖಲೆ

ಮೊಡೆನಾ ಮತ್ತು ಬೊಲೋನ್ಯಾ ನಗರಗಳ ನಡುವಿನ ಬಯಲಿನಲ್ಲಿ, ಹಳೆಯ ಕಾರುಗಳ ದುರಸ್ತಿಯನ್ನೇ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದ ಕೊನೆಯಲ್ಲಿ ಅಲ್ಲಿಗೆ 1968ರ ಲ್ಯಾಂಬೊರ್ಗಿನಿ ಮಿಯುರಾ ಪಿ400 ಒಂದು ಟ್ರೇಲರಿನ ಮೇಲೆ ಬಂತು. ಅದರ ಒಡೆಯರು ಬರೆದು ಕಳಿಸಿದ್ದ ದೂರು ಮೂರೇ ಸಾಲಿನದು. ತಣ್ಣಗಿರುವಾಗ ಎಂಜಿನ್ ಚೆನ್ನಾಗಿ ಓಡುತ್ತದೆ. ಕಾದ ಮೇಲೆ ಸಿಗ್ನಲಿನಲ್ಲಿ ಎರಡು ನಿಮಿಷ ನಿಂತರೆ ಕಾರಿನೊಳಗೆ ಪೆಟ್ರೋಲ್ ವಾಸನೆ ತುಂಬುತ್ತದೆ. ಮತ್ತೆ ಹೊರಡಲು ಕಾಲು ಒತ್ತಿದರೆ ಎಂಜಿನ್ ಕೆಮ್ಮುತ್ತದೆ. ಜೊತೆಯಲ್ಲಿದ್ದ ಕಡತವನ್ನು ನೋಡಿದಾಗ, ಹತ್ತು ವರ್ಷಗಳಲ್ಲಿ ಬೇರೆ ಬೇರೆ ಕಡೆ ಮೂರು ಬಾರಿ ಕಾರ್ಬ್ಯುರೇಟರುಗಳನ್ನು, ಅಂದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಗಳನ್ನು, ಬಿಚ್ಚಿ ಜೋಡಿಸಲಾಗಿದೆ ಎಂಬುದು ತಿಳಿಯಿತು. ಮೂರು ಬಾರಿ ಸರಿಯಾಗಿ, ಮೂರು ಬಾರಿಯೂ ಮರಳಿ ಬಂದ ರೋಗದ ಮೂಲ ಕಾರ್ಬ್ಯುರೇಟರಿನ ಹೊರಗೆ ಇದ್ದೀತು ಎಂಬ ಅನುಮಾನ ನನಗೆ ಆ ಕಡತವನ್ನು ಓದುವಾಗಲೇ ಹುಟ್ಟಿತು.

ಮಿಯುರಾದಲ್ಲಿ ಪೆಟ್ರೋಲ್ ವಾಸನೆಯನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. 1966ರಿಂದ 1973ರವರೆಗೆ ತಯಾರಾದ ಮಿಯುರಾಗಳ ಸಂಖ್ಯೆ ಸುಮಾರು 760. ಅವುಗಳಲ್ಲಿ ಹಲವು ಬೆಂಕಿಗೆ ಆಹುತಿಯಾಗಿವೆ. ಅದಕ್ಕೆ ಕಾರಣ ಯಾವುದೋ ಒಂದು ಕೆಟ್ಟ ಭಾಗವಲ್ಲ; ಕಾರನ್ನು ಕಟ್ಟಿದ ರೀತಿಯಲ್ಲೇ ಆ ಅಪಾಯ ಅಡಗಿದೆ. ಈ ಕಾರನ್ನು ಮುಟ್ಟುವ ಮೊದಲು ಅದನ್ನು ತಿಳಿದಿರಬೇಕಾದ್ದರಿಂದ ಇಲ್ಲಿ ಸ್ವಲ್ಪ ವಿವರಿಸುತ್ತೇನೆ.

1965ರ ನವೆಂಬರಿನಲ್ಲಿ, ಟ್ಯೂರಿನ್ ಕಾರು ಪ್ರದರ್ಶನದಲ್ಲಿ, ಲ್ಯಾಂಬೊರ್ಗಿನಿ ಕಂಪನಿಯು ಮೈಹೊದಿಕೆಯೇ ಇಲ್ಲದ ಒಂದು ಚಾಸಿಯನ್ನು ಜನರ ಮುಂದಿಟ್ಟಿತು. ಟ್ರ್ಯಾಕ್ಟರ್ ತಯಾರಿಸಿ ಹೆಸರು ಮಾಡಿದ್ದ ಫೆರುಚ್ಚೊ ಲ್ಯಾಂಬೊರ್ಗಿನಿ ಕಾರು ಕಂಪನಿಯನ್ನು ಆರಂಭಿಸಿ ಆಗ ಎರಡೇ ವರ್ಷಗಳಾಗಿದ್ದವು. ಜಾನ್‌ಪಾವ್ಲೊ ದಲ್ಲಾರ, ಪಾವ್ಲೊ ಸ್ತಾಂಜಾನಿ ಎಂಬ ಇಬ್ಬರು ಯುವ ಎಂಜಿನಿಯರುಗಳು ಮತ್ತು ನ್ಯೂಜಿಲೆಂಡಿನಿಂದ ಬಂದ ಪರೀಕ್ಷಾ ಚಾಲಕ ಬಾಬ್ ವಾಲೆಸ್ ಸೇರಿ ಯೋಚಿಸಿದ ಈ ಚಾಸಿಯಲ್ಲಿ, ಹನ್ನೆರಡು ಸಿಲಿಂಡರಿನ ಎಂಜಿನ್ ಆಸನಗಳ ಹಿಂದೆ, ಹಿಂಗಾಲಿಗಳ ಮುಂದೆ, ಅಡ್ಡಲಾಗಿ ಮಲಗಿತ್ತು. ಪಿ400 ಎಂಬ ಹೆಸರಿನ 'ಪಿ' ಎಂದರೆ ಇಟಾಲಿಯನ್ನಿನ 'ಪೊಸ್ತೆರಿಯೋರೆ', ಅಂದರೆ ಹಿಂದಿನದು. 400 ಎಂದರೆ ನಾಲ್ಕು ಲೀಟರ್. ಮರು ವರ್ಷ ಮಾರ್ಚಿನಲ್ಲಿ, ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಂದೀನಿ ರೂಪಿಸಿದ ಮೈಯನ್ನು ತೊಟ್ಟು ಅದು ಜಿನೀವಾದಲ್ಲಿ ಕಾಣಿಸಿಕೊಂಡಿತು.

ಎಂಜಿನನ್ನು ಅಡ್ಡಲಾಗಿ ಇಟ್ಟದ್ದೇ ಈ ಕಾರಿನ ಹೃದಯ. 82 ಮಿಲಿಮೀಟರ್ ಬೋರ್ (ಸಿಲಿಂಡರಿನ ವ್ಯಾಸ), 62 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಒಟ್ಟು 3929 ಸಿಸಿಯ ವಿ12 ಎಂಜಿನನ್ನು ಉದ್ದಕ್ಕೆ ಇಟ್ಟು, ಅದರ ಹಿಂದೆ ಗೇರ್‌ಬಾಕ್ಸ್ ಜೋಡಿಸಿದ್ದರೆ ಕಾರು ತುಂಬ ಉದ್ದವಾಗುತ್ತಿತ್ತು. ಬ್ರಿಟನ್ನಿನ ಪುಟ್ಟ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು, ಗೇರುಗಳು ಅದೇ ಎರಕದ ಪೆಟ್ಟಿಗೆಯೊಳಗೆ ಸೇರಿಕೊಂಡಿದ್ದನ್ನು ನೋಡಿ, ದಲ್ಲಾರ ಅದೇ ಉಪಾಯವನ್ನು ಮೂರು ಪಟ್ಟು ಸಿಲಿಂಡರುಗಳಿಗೆ ಅನ್ವಯಿಸಿದರು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಒಂದೇ ದೊಡ್ಡ ಎರಕದಲ್ಲಿ ಬಂದವು. ಈ ಕಾರಿನಲ್ಲಿ ಮೂರಕ್ಕೂ ಒಂದೇ ಎಣ್ಣೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು ಎರಡೂವರೆ ಮೀಟರಿನಲ್ಲಿ ಮುಗಿಯಿತು. ಸೊಂಟದೆತ್ತರಕ್ಕಿಂತ ಸ್ವಲ್ಪವೇ ಮೇಲಿರುವ ಆ ಮೈ, ಮುಂದಕ್ಕೆ ಹರಿದು ಹಿಂದಕ್ಕೆ ಉಬ್ಬುವ ಆ ರೇಖೆ, ಎಲ್ಲವೂ ಸಾಧ್ಯವಾದದ್ದು ಈ ಒತ್ತಿದ ಜೋಡಣೆಯಿಂದ. ಆದರೆ ಅದೇ ಜೋಡಣೆಯ ಕಾರಣಕ್ಕೆ, ನಾಲ್ಕು ವೆಬರ್ ಕಾರ್ಬ್ಯುರೇಟರುಗಳು, ಕಿಡಿ ಕೊಡುವ ತಂತಿಗಳು, ಕೆಂಪಗೆ ಕಾಯುವ ಎಕ್ಸಾಸ್ಟ್ ಕೊಳವೆಗಳು ಮತ್ತು ಚಾಲಕನ ತಲೆ, ಇವೆಲ್ಲ ಒಂದಕ್ಕೊಂದು ಮೊಳದ ಅಂತರದಲ್ಲಿ ಸೇರಿಕೊಂಡಿವೆ. ಮಿಯುರಾದ ಅಂದವನ್ನೂ ಅದರ ಅಪಾಯವನ್ನೂ ಹುಟ್ಟಿಸಿದ್ದು ಒಂದೇ ನಿರ್ಧಾರ ಎಂಬುದು, ಈ ದುರಸ್ತಿಯ ಉದ್ದಕ್ಕೂ ನನ್ನ ಕೈಗೆ ಪದೇ ಪದೇ ತಾಗಿದ ಸತ್ಯ.

ಮೊದಲ ದಿನ ಬ್ಯಾಟರಿಯ ತಂತಿ ತೆಗೆದು, ಎರಡು ಬೆಂಕಿ ಆರಿಸುವ ಸಿಲಿಂಡರುಗಳನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು, ಹಿಂಬದಿಯ ದೊಡ್ಡ ಮುಚ್ಚಳವನ್ನು ಎತ್ತಿದೆ. ಮಿಯುರಾದ ಮುಂಬದಿ, ಹಿಂಬದಿ ಎರಡೂ ಅಲ್ಯೂಮಿನಿಯಮಿನ ಇಡೀ ಚಿಪ್ಪುಗಳಾಗಿ ತೆರೆದುಕೊಳ್ಳುತ್ತವೆ. ಹಿಂಬದಿಯ ಚಿಪ್ಪು ಎದ್ದಾಗ ಇಡೀ ಎಂಜಿನ್ ಒಂದೇ ನೋಟಕ್ಕೆ ಸಿಗುತ್ತದೆ. ಹಿಂದಿನ ಸಾಲಿನ ಆರು ಸಿಲಿಂಡರುಗಳನ್ನು ತಲುಪುವುದು ಸುಲಭ. ಮುಂದಿನ ಸಾಲು ಮಾತ್ರ ಕ್ಯಾಬಿನ್ನಿನ ಗೋಡೆಗೆ ಅಂಟಿಕೊಂಡಂತಿದ್ದು, ಹಿಂದಿನಿಂದ ಎಂಜಿನ್ನಿನ ಮೇಲೆ ಬಾಗಿ, ತೋಳನ್ನು ಪೂರ್ತಿ ಚಾಚಿ ಕೆಲಸ ಮಾಡಬೇಕು. ಚಾಸಿಯ ಅಂಚಿಗೆ ಮಂದ ಕಂಬಳಿ ಹಾಸದೆ ನಾನು ಬಾಗುವುದಿಲ್ಲ. ಹಗುರವಾಗಲೆಂದು ತೂತು ಕೊರೆದ, ಮೊದಮೊದಲ ಕಾರುಗಳಲ್ಲಿ 0.9 ಮಿಲಿಮೀಟರ್ ಮಾತ್ರ ದಪ್ಪವಿದ್ದ ತಗಡಿನ ಚಾಸಿಯ ಮೇಲೆ ಮನುಷ್ಯನ ಭಾರ ಹಾಕಲು ಮನಸ್ಸೇ ಒಪ್ಪುವುದಿಲ್ಲ.

ಕಾರ್ಬ್ಯುರೇಟರುಗಳನ್ನು ಮುಟ್ಟುವ ಮೊದಲು ನಾನು ಮಾಡಿದ ಕೆಲಸ ಒಂದೇ: ಪೆಟ್ರೋಲ್ ಕೊಳವೆಗೆ ಒತ್ತಡ ಮಾಪಕವನ್ನು ಸೇರಿಸಿ, ಬ್ಯಾಟರಿಯನ್ನು ಮತ್ತೆ ಜೋಡಿಸಿ, ಎಂಜಿನ್ ಓಡಿಸದೆ ವಿದ್ಯುತ್ ಪಂಪನ್ನು ಮಾತ್ರ ಚಾಲೂ ಮಾಡಿದೆ. ಮುಳ್ಳು 0.38 ಬಾರ್‌ಗೆ (ಬಾರ್ ಎಂದರೆ ಒತ್ತಡದ ಮಾನ) ಏರಿ ನಿಂತಿತು. ಈ ಬಗೆಯ ವೆಬರುಗಳಿಗೆ 0.20ರಿಂದ 0.25 ಬಾರ್ ಸಾಕು. ಹಿಂದೆ ಯಾವಾಗಲೋ ಯಾರೋ ಹಳೆಯ ಪಂಪಿನ ಬದಲು ಹೆಚ್ಚು ಬಲದ ಪಂಪನ್ನು ಹಾಕಿದ್ದರು. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲಿಲ್ಲ. ಮೂರು ಬಾರಿ ಕಾರ್ಬ್ಯುರೇಟರ್ ಬಿಚ್ಚಿದ ಕೈಗಳಲ್ಲಿ ಒಂದೂ ಮಾಪಕವನ್ನು ಹಿಡಿದಿರಲಿಲ್ಲ ಎಂಬುದು ನನಗೆ ನಿಜವಾಗಿ ನೋವು ತಂದಿತು. ಐದು ನಿಮಿಷದ ಅಳತೆ ಅದು.

ಈ ಹೆಚ್ಚುವರಿ ಒತ್ತಡ ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಕಾರ್ಬ್ಯುರೇಟರಿನ ತೊಟ್ಟಿಯಲ್ಲಿ ಪೆಟ್ರೋಲಿನ ಮೇಲೆ ಒಂದು ಹಿತ್ತಾಳೆಯ ತೇಲುಬುರುಡೆ ಇರುತ್ತದೆ. ಪೆಟ್ರೋಲ್ ಏರಿದಂತೆ ಬುರುಡೆ ಏರಿ, ಒಂದು ಸಣ್ಣ ಸೂಜಿಯನ್ನು ಅದರ ಪೀಠಕ್ಕೆ ಒತ್ತಿ, ಒಳಹರಿವನ್ನು ನಿಲ್ಲಿಸುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್‌ಕಾಕ್ ಮಾಡುವ ಕೆಲಸವೇ ಇದು. ಈ ಕಾರಿನಲ್ಲಿದ್ದ ಸೂಜಿ ಪೀಠದ ರಂಧ್ರದ ವ್ಯಾಸ 1.75 ಮಿಲಿಮೀಟರ್, ಅಂದರೆ ವಿಸ್ತೀರ್ಣ ಸುಮಾರು 2.4 ಚದರ ಮಿಲಿಮೀಟರ್. 0.20 ಬಾರ್ ಒತ್ತಡವು ಆ ಸೂಜಿಯನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚು ಕಡಿಮೆ 5 ಗ್ರಾಂ ತೂಕಕ್ಕೆ ಸಮ, 0.38 ಬಾರಿನಲ್ಲಿ ಅದು 9 ಗ್ರಾಮನ್ನು ದಾಟುತ್ತದೆ. ಆ ಬಲವನ್ನು ಎದುರಿಸಲು ಬುರುಡೆಯು ಪೆಟ್ರೋಲಿನಲ್ಲಿ ಇನ್ನಷ್ಟು ಮುಳುಗಬೇಕು, ಹಾಗೆ ಮುಳುಗಬೇಕಾದರೆ ಪೆಟ್ರೋಲಿನ ಮಟ್ಟ ಏರಬೇಕು. ಓಡುತ್ತಿರುವಾಗ ಎಂಜಿನ್ ಬೇಗ ಬೇಗ ಪೆಟ್ರೋಲ್ ಕುಡಿಯುವುದರಿಂದ ಮಟ್ಟ ಅಷ್ಟಾಗಿ ಏರುವುದಿಲ್ಲ. ಸಿಗ್ನಲಿನಲ್ಲಿ ನಿಂತಾಗ ಕುಡಿತ ಕಡಿಮೆ, ಕೊಳವೆಯಲ್ಲಿ ಒತ್ತಡ ಪೂರ್ತಿ, ಮೇಲಾಗಿ ಕೆಳಗಿನ ಕಾವಿನಿಂದ ತೊಟ್ಟಿಯ ಪೆಟ್ರೋಲ್ ಉಬ್ಬಿ ಗುಳ್ಳೆಯೇಳುತ್ತದೆ. ಒಡೆಯರು ಬರೆದ ಮೂರು ಸಾಲಿನ ದೂರಿನ ಪ್ರತಿಯೊಂದು ಪದಕ್ಕೂ ಇಲ್ಲಿ ಉತ್ತರವಿತ್ತು. ಮೂಲತಃ ಸ್ಪರ್ಧೆಯ ಕಾರುಗಳ ವಂಶಕ್ಕೆ ಸೇರಿದ ಈ ಕಾರ್ಬ್ಯುರೇಟರುಗಳಿಗೆ ನಿಂತು ಕಾಯುವುದೇ ಒಗ್ಗದ ಕೆಲಸ. ಮಟ್ಟ ಸ್ವಲ್ಪ ಏರಿದರೂ ಪೆಟ್ರೋಲ್ ಗಂಟಲಿನೊಳಗೆ, ಅಂದರೆ ಸಿಲಿಂಡರಿಗೆ ಗಾಳಿ ಹೋಗುವ ದಾರಿಯೊಳಗೆ, ತೊಟ್ಟಿಕ್ಕಿ, ಆ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಮೇಲೆ ಮಡುಗಟ್ಟುತ್ತದೆ, ಅಲ್ಲಿಂದ ಹೊರಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಪಂಪಿನ ಒತ್ತಡವನ್ನು ತಗ್ಗಿಸಿ ಅಲ್ಲಿಗೇ ನಿಲ್ಲಿಸಬಹುದಿತ್ತೇ ಎಂದು ಕೇಳಿದರೆ, ಇಲ್ಲ. ಮುಂದಿನ ಸಾಲಿನ ಒಂದು ತುತ್ತೂರಿಯ (ಗಾಳಿ ಎಳೆದುಕೊಳ್ಳುವ ಬಾಯಿಯ) ಬುಡ ಆಗಲೇ ಒದ್ದೆಯಾಗಿತ್ತು, ರಬ್ಬರ್ ಕೊಳವೆಯೊಂದನ್ನು ಬೆರಳಿನಲ್ಲಿ ಬಾಗಿಸಿದಾಗ ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು. ಇಷ್ಟು ಕಂಡ ಮೇಲೆ ಎಲ್ಲವನ್ನೂ ಕೆಳಗಿಳಿಸುವುದೊಂದೇ ದಾರಿ.

ಗಾಳಿಪೆಟ್ಟಿಗೆಗಳನ್ನು ತೆಗೆದು, ಥ್ರಾಟಲ್ ಕಡ್ಡಿಗಳ ಪ್ರತಿಯೊಂದು ಕೀಲಿನ ಚಿತ್ರ ತೆಗೆದುಕೊಂಡು, ನಾಲ್ಕು 40 ಐಡಿಎಲ್ 3ಸಿ ವೆಬರುಗಳಿಗೆ ತಗಡಿನ ಬಿಲ್ಲೆಗಳನ್ನು ಕಟ್ಟಿ ಒಂದೊಂದಾಗಿ ಎತ್ತಿದೆ. ಹೆಸರಿನಲ್ಲಿರುವ 40 ಎಂದರೆ ಗಂಟಲಿನ ವ್ಯಾಸ ಮಿಲಿಮೀಟರಿನಲ್ಲಿ. 3 ಎಂದರೆ ಒಂದೊಂದರಲ್ಲಿ ಮೂರು ಗಂಟಲು. ನಾಲ್ಕು ಮೂರಲಿ ಹನ್ನೆರಡು, ಸಿಲಿಂಡರಿಗೆ ಒಂದರಂತೆ. ಎಡೋಅರ್ದೊ ವೆಬರ್ ತನ್ನ ಕಾರ್ಖಾನೆಯನ್ನು ಕಟ್ಟಿದ್ದು ಬೊಲೋನ್ಯಾದಲ್ಲಿ, ಲ್ಯಾಂಬೊರ್ಗಿನಿ ಕಾರ್ಖಾನೆ ಇರುವ ಸಾಂತಾಗಾತಾ ಊರಿಗೆ ಕೂಗಳತೆಯಲ್ಲಿ ಎನ್ನಬಹುದಾದಷ್ಟು ಹತ್ತಿರ. ಈ ಬಯಲಿನ ಜನ ಒಬ್ಬರಿಗೊಬ್ಬರು ನೆರೆಹೊರೆಯವರಾಗಿಯೇ ಇಂಥ ಕಾರುಗಳನ್ನು ಕಟ್ಟಿದರು. ಚಾಸಿ ಮೊಡೆನಾದ ಮಾರ್ಕೇಸಿ ಎಂಬ ಕಮ್ಮಟದಿಂದ, ಕಾರ್ಬ್ಯುರೇಟರ್ ಬೊಲೋನ್ಯಾದಿಂದ, ಎಂಜಿನ್ ಸಾಂತಾಗಾತಾದಿಂದ.

ಕಾರ್ಬ್ಯುರೇಟರ್ ಎತ್ತಿದೊಡನೆ ಹನ್ನೆರಡು ತೆರೆದ ಬಾಯಿಗಳು ನೇರ ಎಂಜಿನ್ನಿನ ಹೊಟ್ಟೆಗೆ ದಾರಿ ಕೊಡುತ್ತವೆ. ಬಟ್ಟೆ ತುರುಕುವ ಅಭ್ಯಾಸ ಕೆಲವರಿಗಿದೆ. ಒಂದು ಬಟ್ಟೆ ಮರೆತುಹೋದರೆ ಏನಾಗುತ್ತದೆಂದು ನಾನು ಒಮ್ಮೆ ಬೇರೆ ಕಾರಿನಲ್ಲಿ ಕಂಡಿರುವುದರಿಂದ, ಅಳತೆಗೆ ಕತ್ತರಿಸಿದ ಪ್ಲಾಸ್ಟಿಕ್ ಮುಚ್ಚಳಗಳನ್ನೇ ಬಳಸುತ್ತೇನೆ ಮತ್ತು ಅವುಗಳಿಗೆ ಸಂಖ್ಯೆ ಬರೆದಿರುತ್ತೇನೆ. ಹಾಗಿದ್ದೂ ಮೂರನೆಯ ಕಾರ್ಬ್ಯುರೇಟರನ್ನು ತೆಗೆಯುವಾಗ ಒಂದು ಸ್ಪ್ರಿಂಗ್ ವಾಷರ್ ಕೈಜಾರಿತು. ತಟ್ಟೆಯಲ್ಲಿದ್ದ ವಾಷರುಗಳನ್ನು ಎಣಿಸಿದೆ, ಒಂದು ಕಡಿಮೆ. ಅದು ಸಿಗುವವರೆಗೆ ಬೇರೇನನ್ನೂ ಮುಟ್ಟಬಾರದೆಂದು ನಿರ್ಧರಿಸಿ, ದೀಪ, ಕನ್ನಡಿ, ಅಯಸ್ಕಾಂತದ ಕಡ್ಡಿ ಹಿಡಿದು ಎರಡು ಗಂಟೆ ಹುಡುಕಿದೆ. ಕೊನೆಗೆ ಅದು ಎರಕದ ಒಂದು ಪಕ್ಕೆಲುಬಿನ ಹಿಂದೆ, ಎಣ್ಣೆ ಜಿಡ್ಡಿಗೆ ಅಂಟಿಕೊಂಡು ಸಿಕ್ಕಿತು.

ಮೇಜಿನ ಮೇಲೆ ಬಿಚ್ಚಿದ ಮೇಲೆ ಹಿಂದಿನ ದುರಸ್ತಿಗಳ ಚರಿತ್ರೆಯೆಲ್ಲ ಹೊರಬಂತು. ತೊಟ್ಟಿಗಳ ತಳದಲ್ಲಿ ಒಣಗಿದ ಪೆಟ್ರೋಲಿನ ಕಂದು ಅರಗು, ಮೂಲೆಗಳಲ್ಲಿ ಅಲ್ಯೂಮಿನಿಯಮಿನ ಬಿಳಿ ಬೂಸ್ಟು. ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಹನ್ನೆರಡು ಮುಖ್ಯ ಜೆಟ್‌ಗಳ ರಂಧ್ರಗಳನ್ನು ಅಳತೆಯ ಪಿನ್ನುಗಳಿಂದ ನೋಡಿದಾಗ, ಹತ್ತರಲ್ಲಿ 1.15 ಮಿಲಿಮೀಟರ್ ಇತ್ತು. ಎರಡನ್ನು ಯಾರೋ ಕೊರೆದು 1.25ಕ್ಕೆ ಹಿಗ್ಗಿಸಿದ್ದರು. ಹತ್ತನೆಯ ಒಂದು ಮಿಲಿಮೀಟರ್ ಎಂದರೆ ಕಡಿಮೆ ಎನಿಸಬಹುದು. ಆದರೆ ಹರಿವು ನಿರ್ಧಾರವಾಗುವುದು ವಿಸ್ತೀರ್ಣದಿಂದ, ವಿಸ್ತೀರ್ಣ ಹೆಚ್ಚುವುದು ವ್ಯಾಸದ ವರ್ಗದಂತೆ. ಆದ್ದರಿಂದ ಆ ಎರಡು ಸಿಲಿಂಡರುಗಳಿಗೆ ಸುಮಾರು ನೂರಕ್ಕೆ 18ರಷ್ಟು ಹೆಚ್ಚು ಪೆಟ್ರೋಲ್ ಹೋಗುತ್ತಿತ್ತು. ಆ ಎರಡು ಸಿಲಿಂಡರುಗಳು ಎಂದಾದರೂ ಬಡವಾಗಿ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ, ಉರಿದಿರಬೇಕು, ಅದಕ್ಕೆ ಗಾಳಿ ಎಲ್ಲಿಂದ ನುಸುಳುತ್ತಿದೆ ಎಂದು ಹುಡುಕುವ ಬದಲು ಜೆಟ್ಟನ್ನೇ ಕೊರೆದಿರಬೇಕು ಎಂದು ನಾನು ಊಹಿಸಿದೆ. ಗಾಳಿ ನುಸುಳುವ ಜಾಗ ಮರುದಿನವೇ ಸಿಕ್ಕಿತು. ಆ ಎರಡು ಗಂಟಲುಗಳಿದ್ದ ಕಾರ್ಬ್ಯುರೇಟರಿನ ಅಡಿಯ ಚಪ್ಪಡಿಯನ್ನು ಗಾಜಿನ ಮೇಲಿಟ್ಟು ಫೀಲರ್ ಗೇಜ್ ತೂರಿಸಿದಾಗ, ನಡುವಿನಲ್ಲಿ 0.12 ಮಿಲಿಮೀಟರ್ ಬಾಗು. ನಟ್ಟುಗಳನ್ನು ಅತಿಯಾಗಿ ಬಿಗಿದರೆ ಮೃದು ಅಲ್ಯೂಮಿನಿಯಮ್ ಹೀಗೆಯೇ ಬಿಲ್ಲಾಗುತ್ತದೆ.

ಸ್ವಚ್ಛಗೊಳಿಸಲು 50 ಡಿಗ್ರಿ ಬಿಸಿಯಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯನ್ನು ಬಳಸಿದೆ. ಕಾಸ್ಟಿಕ್ ಸೋಡದ ದ್ರಾವಣಗಳು ಅಲ್ಯೂಮಿನಿಯಮನ್ನೇ ತಿನ್ನುವುದರಿಂದ ಅವನ್ನು ಹತ್ತಿರ ಸೇರಿಸಬಾರದು. ಒಳದಾರಿಗಳಿಗೆ ತಂತಿ ತೂರಿಸದೆ ಗಾಳಿಯನ್ನಷ್ಟೇ ಊದಿ, ಪ್ರತಿ ದಾರಿಯ ಇನ್ನೊಂದು ತುದಿಯಲ್ಲಿ ಬೆರಳಿಟ್ಟು ಗಾಳಿ ಬಂದದ್ದನ್ನು ಖಚಿತಪಡಿಸಿಕೊಂಡೆ. ಬಾಗಿದ ಚಪ್ಪಡಿಯನ್ನು ದಪ್ಪ ಗಾಜಿನ ಮೇಲೆ ಉಜ್ಜುಕಾಗದ ಅಂಟಿಸಿ, ಎಂಟರ ಆಕಾರದಲ್ಲಿ ನಿಧಾನವಾಗಿ ತಿಕ್ಕಿ ಸಮ ಮಾಡಿದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಥ್ರಾಟಲ್ ಸ್ಪಿಂಡಲ್, ಅಂದರೆ ಥ್ರಾಟಲ್ ತಟ್ಟೆಗಳನ್ನು ಹೊತ್ತು ತಿರುಗುವ ಕಡ್ಡಿ. ಇಟಲಿಯ ಮೆಕ್ಯಾನಿಕರು ಥ್ರಾಟಲ್ ತಟ್ಟೆಯನ್ನು 'ಫರ್ಫಾಲ್ಲ' ಎನ್ನುತ್ತಾರೆ, ಅಂದರೆ ಚಿಟ್ಟೆ. ದಾವಣಗೆರೆಯಲ್ಲಿ ನನ್ನ ಸೋದರಮಾವನ ಗ್ಯಾರೇಜಿನಲ್ಲಿ ಫಿಯೆಟ್ 1100 ಕಾರುಗಳ ಕಾರ್ಬ್ಯುರೇಟರ್ ತೊಳೆಯುತ್ತ ನಾನು ಈ ವಿದ್ಯೆಯ ಮೊದಲ ಅಕ್ಷರಗಳನ್ನು ಕಲಿತೆ. ಅಲ್ಲಿಯೂ ಅದನ್ನು ಬಟರ್‌ಫ್ಲೈ ಎಂದೇ ಕರೆಯುತ್ತಿದ್ದರು. ಅಲ್ಲಿ ಇಡೀ ಕಾರಿಗೆ ಒಂದೇ ಚಿಟ್ಟೆ. ಇಲ್ಲಿ ಒಂದು ಸ್ಪಿಂಡಲಿನ ಮೇಲೆ ಮೂರು, ಮೂರೂ ಒಂದೇ ಕ್ಷಣದಲ್ಲಿ, ಒಂದೇ ಕೋನಕ್ಕೆ ತೆರೆಯಬೇಕು. ಕಾರ್ಬ್ಯುರೇಟರನ್ನು ಕತ್ತಲೆಯಲ್ಲಿ ಎತ್ತಿ ಹಿಡಿದು, ಚಿಟ್ಟೆಗಳನ್ನು ಮುಚ್ಚಿ, ಕೆಳಗಿನಿಂದ ದೀಪ ಹಿಡಿದರೆ ಸತ್ಯ ಕಾಣುತ್ತದೆ. ಎರಡನೆಯ ಕಾರ್ಬ್ಯುರೇಟರಿನಲ್ಲಿ ಎರಡು ಗಂಟಲುಗಳು ಪೂರ್ತಿ ಕಪ್ಪಾಗಿದ್ದವು, ಮೂರನೆಯದರ ಅಂಚಿನಲ್ಲಿ ಬಿದಿಗೆಯ ಚಂದ್ರನಂಥ ಬೆಳಕಿನ ಗೆರೆ. ಸ್ಪಿಂಡಲ್ ತಿರುಚಿಕೊಂಡಿತ್ತು. ಎಂದೋ ಚಿಟ್ಟೆ ಅಂಟಿಕೊಂಡಿದ್ದಾಗ ಯಾರೋ ಬಲವಾಗಿ ತಿರುಗಿಸಿದ್ದರ ಗುರುತು ಅದು. ತಿರುಚಿದ ಸ್ಪಿಂಡಲನ್ನು ನೆಟ್ಟಗೆ ಮಾಡಲು ಹೋಗುವುದು ವ್ಯರ್ಥ, ಹೊಸದನ್ನು ಮಾಡಿಸಿದೆವು.

ಹಳೆಯ ಸ್ಪಿಂಡಲಿನಿಂದ ಚಿಟ್ಟೆಗಳನ್ನು ಬಿಡಿಸುವಾಗ ಅವಸರ ಕೂಡದು. ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲಿ ಬಡಿದು ಅಗಲಿಸಿರುತ್ತಾರೆ. ಆ ತುದಿಯನ್ನು ಅರದಿಂದ ಸವೆಸಿ ಆಮೇಲೆ ತಿರುಗಿಸಬೇಕು, ಇಲ್ಲದಿದ್ದರೆ ಎಳೆ ಕಿತ್ತು ಸ್ಪಿಂಡಲ್ ಹಾಳಾಗುತ್ತದೆ. ಮರಳಿ ಜೋಡಿಸುವಾಗ ಹೊಸ ಸ್ಕ್ರೂ ಹಾಕಿ, ಚಿಟ್ಟೆಯನ್ನು ಮುಚ್ಚಿದ ಸ್ಥಿತಿಯಲ್ಲಿ ಗಂಟಲಿನೊಳಗೆ ತಾನಾಗಿ ಕೂರಲು ಬಿಟ್ಟು, ಬಿಗಿದು, ತುದಿಯನ್ನು ಮತ್ತೆ ಬಡಿಯಬೇಕು. ಇಲ್ಲಿ ಸಡಿಲವಾದ ಒಂದು ಸ್ಕ್ರೂ ಬಿದ್ದರೆ ಅದು ಹೋಗುವುದು ನೇರವಾಗಿ ಸಿಲಿಂಡರಿಗೆ. ಒಂದು ಕಾರ್ಬ್ಯುರೇಟರಿನ ಮೂರು ಚಿಟ್ಟೆಗಳಿಗೆ ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ದೀಪ ಹಿಡಿದಾಗ ಮೂರೂ ಸಮನಾಗಿ ಕಪ್ಪಾಗಿದ್ದವು.

ತೇಲುಬುರುಡೆಗಳ ಪರೀಕ್ಷೆ ಹಳೆಯ ಕಾಲದ್ದು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ದ್ರವದ ಸದ್ದಿದೆಯೇ ಎಂದು ಕೇಳಿದೆ, ಆಮೇಲೆ ಬಿಸಿನೀರಿನಲ್ಲಿ ಮುಳುಗಿಸಿದೆ. ಒಂದು ಬುರುಡೆಯ ಬೆಸುಗೆಯ ಸಾಲಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಬೆಸುಗೆ ಹಾಕಿ ಮುಚ್ಚಿದರೆ ಬುರುಡೆಯ ತೂಕ ಹೆಚ್ಚಿ ಮಟ್ಟವೇ ತಪ್ಪುತ್ತದೆ, ಆದ್ದರಿಂದ ಬದಲಾಯಿಸಿದೆ. ಸೂಜಿ, ಪೀಠ, ಗ್ಯಾಸ್ಕೆಟ್, ಹನ್ನೆರಡು ಮುಖ್ಯ ಜೆಟ್ ಎಲ್ಲವೂ ಹೊಸವು. ಆ ಎರಡು ಕೊರೆದ ಜೆಟ್‌ಗಳನ್ನು ಒಡೆಯರಿಗೆ ತೋರಿಸಲೆಂದು ಒಂದು ಚೀಲದಲ್ಲಿ ತೆಗೆದಿಟ್ಟೆ.

ಜೋಡಿಸಿದ ಕಾರ್ಬ್ಯುರೇಟರನ್ನು ನೇರ ಕಾರಿಗೆ ಹಾಕಿ ನೋಡುವ ಧೈರ್ಯ ಈ ಎಂಜಿನ್ ಮಟ್ಟಿಗೆ ನನಗಿಲ್ಲ. ಮೇಜಿನ ಮೇಲೆಯೇ ಕಾರಿನ ಒತ್ತಡವನ್ನು ಸೃಷ್ಟಿಸಬೇಕು. ಅದಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ, ಎತ್ತರ ಸಾಕು. ಪೆಟ್ರೋಲಿನ ಸಾಂದ್ರತೆ ಲೀಟರಿಗೆ ಸುಮಾರು 0.74 ಕಿಲೋ ಎಂದು ಹಿಡಿದರೆ 0.20 ಬಾರ್ ಒತ್ತಡಕ್ಕೆ 2.75 ಮೀಟರ್ ಎತ್ತರ ಬೇಕು. ಮುಚ್ಚಿದ ಕೋಣೆಯಲ್ಲಿ ಪೆಟ್ರೋಲನ್ನು ತಲೆಯ ಮೇಲೆ ತೂಗುಹಾಕುವುದು ಸರಿಯಲ್ಲವಾದ್ದರಿಂದ, ಸುಲಭವಾಗಿ ಹೊತ್ತಿಕೊಳ್ಳದ, ಸ್ವಲ್ಪ ಹೆಚ್ಚು ಸಾಂದ್ರವಾದ ಪರೀಕ್ಷಾ ದ್ರವವನ್ನು ಬಳಸಿದೆ, ಅದಕ್ಕೆ 2.65 ಮೀಟರ್ ಸಾಕಾಯಿತು. ಅಟ್ಟದ ತೊಲೆಗೆ ಡಬ್ಬಿಯನ್ನು ಕಟ್ಟಿ, ಪಾರದರ್ಶಕ ಕೊಳವೆಯನ್ನು ಇಳಿಬಿಟ್ಟು, ಪ್ರತಿ ಕಾರ್ಬ್ಯುರೇಟರನ್ನು ಒಂದೊಂದು ಗಂಟೆ ಅದರ ಕೆಳಗೆ ಕೂರಿಸಿದೆ. ಮೊದಲೆರಡು ಅಲುಗಾಡಲಿಲ್ಲ. ಮೂರನೆಯದು ನಲವತ್ತನೆಯ ನಿಮಿಷಕ್ಕೆ ಒಂದು ಹನಿ ಬಿಟ್ಟಿತು. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಯ ಪೀಠದ ಮೇಲೆ ಗ್ಯಾಸ್ಕೆಟಿನ ಒಂದು ಎಳೆ ಕೂತಿತ್ತು, ರೇಷ್ಮೆಯ ನೂಲಿಗಿಂತ ತೆಳು. ಅದನ್ನು ತೆಗೆದು ಮತ್ತೆ ಒಂದು ಗಂಟೆ ಕಾದೆ. ನಾಲ್ಕನೆಯದಕ್ಕೆ ಏನೂ ಬೇಕಾಗಲಿಲ್ಲ. ನಿಜವಾದ ಪೆಟ್ರೋಲಿನಿಂದ ಮಟ್ಟದ ಕೊನೆಯ ಅಳತೆಯನ್ನು ಮಾತ್ರ ಅಂಗಳದಲ್ಲಿ, ಬಯಲು ಗಾಳಿಯಲ್ಲಿ ಮಾಡಿದೆ.

ಈ ಹಂತದಲ್ಲಿ ಒಡೆಯರು ಫೋನ್ ಮಾಡಿ, ಇಷ್ಟೆಲ್ಲ ಕಷ್ಟದ ಬದಲು ಹಳೆಯ ತುತ್ತೂರಿಗಳ ಕೆಳಗೆ ಗುಟ್ಟಾಗಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಅಳವಡಿಸಬಹುದಲ್ಲವೇ ಎಂದು ಕೇಳಿದರು. ತಾಂತ್ರಿಕವಾಗಿ ಅದು ಸಾಧ್ಯ, ಸುರಕ್ಷಿತವೂ ಹೌದು. ಆದರೂ ನಾನು ಬೇಡವೆಂದೆ. ಮಿಯುರಾದಲ್ಲಿ ಕೂತವರಿಗೆ ಅದರ ಮೋಹ ಏನೆಂದು ತಿಳಿಯುವುದು ಕಾಲಿನಿಂದ ಮತ್ತು ಕಿವಿಯಿಂದ. ಪ್ರತಿ ಸಿಲಿಂಡರಿಗೂ ತನ್ನದೇ ಚಿಟ್ಟೆ, ಚಿಟ್ಟೆಯಿಂದ ವಾಲ್ವಿಗೆ ಗೇಣುದ್ದದ ದಾರಿ. ಪೆಡಲನ್ನು ಒಂದು ಕೂದಲೆಳೆಯಷ್ಟು ಒತ್ತಿದರೂ ಹನ್ನೆರಡು ಗಂಟಲುಗಳು ಒಟ್ಟಿಗೆ ಉಸಿರೆಳೆಯುವುದು ಬೆನ್ನ ಹಿಂದೆ, ಒಂದು ಗಾಜಿನ ಆಚೆ ಕೇಳಿಸುತ್ತದೆ. 7000 ಸುತ್ತಿನಲ್ಲಿ 350 ಅಶ್ವಶಕ್ತಿ ಎಂಬ ಅಂಕಿಯನ್ನು ಇಂದಿನ ಎಷ್ಟೋ ಕಾರುಗಳು ದಾಟಿವೆ. ಆ ಉಸಿರೆಳೆತವನ್ನು ಯಾವುದೂ ಕೊಡುವುದಿಲ್ಲ. ಇರುವ ವ್ಯವಸ್ಥೆಯನ್ನು ಅದು ಬಯಸುವ ಅಳತೆಗಳಲ್ಲಿ ಇಟ್ಟರೆ ಅದು ಸುರಕ್ಷಿತವಾಗಿ ನಡೆಯುತ್ತದೆ ಎಂದು ಹೇಳಿ, ಅಪಘಾತದಲ್ಲಿ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್, ಒತ್ತಡದ ರೆಗ್ಯುಲೇಟರ್, ಎಂಜಿನ್ ಕೋಣೆಗೆ ಬೆಂಕಿ ಆರಿಸುವ ವ್ಯವಸ್ಥೆ, ಈ ಮೂರಕ್ಕೆ ಒಪ್ಪಿಗೆ ಕೇಳಿದೆ. ಅವರು ಒಪ್ಪಿದರು.

ಪೆಟ್ರೋಲ್ ಟ್ಯಾಂಕ್ ಮಿಯುರಾದ ಮೂಗಿನಲ್ಲಿದೆ. ಟ್ಯಾಂಕ್ ಬರಿದಾದಂತೆ ಮೂಗು ಹಗುರಾಗಿ, ಅತಿ ವೇಗದಲ್ಲಿ ಸ್ಟೀರಿಂಗ್ ತೇಲಿದಂತಾಗುವುದಕ್ಕೂ ಇದು ಒಂದು ಕಾರಣ. ಅಲ್ಲಿಂದ ಎಂಜಿನ್‌ವರೆಗೆ ಕಾರಿನ ಉದ್ದಕ್ಕೂ ಬರುವ ಲೋಹದ ಕೊಳವೆ ಗಟ್ಟಿಯಾಗಿತ್ತು. ರಬ್ಬರಿನ ತುಂಡುಗಳನ್ನೆಲ್ಲ ಬದಲಾಯಿಸಿದೆ. ಯೂರೋಪಿನ ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥೆನಾಲ್ ಇರುತ್ತದೆ, ಹಳೆಯ ಬಗೆಯ ರಬ್ಬರ್ ಅದರಲ್ಲಿ ಒಳಗಿನಿಂದ ಮೆತ್ತಗಾಗುತ್ತದೆ. ಆದ್ದರಿಂದ ಎಥೆನಾಲ್ ತಡೆಯುವ ಒಳಪದರವಿದ್ದ ಕೊಳವೆಯನ್ನೇ ತರಿಸಿದೆ, ತಿರುಪಿನ ಹಲ್ಲುಗಳು ರಬ್ಬರನ್ನು ಕತ್ತರಿಸದಂಥ ನಯವಾದ ಕ್ಲಿಪ್ಪುಗಳನ್ನು ಹಾಕಿದೆ. ಹಳೆಯ ಕಾರುಗಳ ಮಾಲೀಕರು ಎಲ್ಲಿದ್ದರೂ, ಈಗ ನೂರಕ್ಕೆ 20 ಎಥೆನಾಲ್ ಬೆರೆಸುತ್ತಿರುವ ನಮ್ಮ ಊರುಗಳಲ್ಲಂತೂ, ಮೊದಲು ನೋಡಬೇಕಾದ್ದು ಈ ಕೊಳವೆಗಳನ್ನು.

ನಾಲ್ಕು ಕಾರ್ಬ್ಯುರೇಟರುಗಳನ್ನು ಮರಳಿ ಕೂರಿಸಿ, ನಟ್ಟುಗಳನ್ನು ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಬಿಗಿದೆ. ರೆಗ್ಯುಲೇಟರನ್ನು 0.22 ಬಾರಿಗೆ ಹೊಂದಿಸಿದೆ. ಪಂಪ್ ಮಾತ್ರ ಚಾಲೂ ಇಟ್ಟು ಅರ್ಧ ಗಂಟೆ ದೀಪ ಹಿಡಿದು ಪ್ರತಿ ಕೀಲನ್ನೂ ನೋಡಿದ ಮೇಲೆಯೇ ಸ್ಟಾರ್ಟರ್ ಒತ್ತಿದೆ. ಎಂಜಿನ್ ಮೊದಲು ಏಳೆಂಟು ಸಿಲಿಂಡರಿನಲ್ಲಿ ತಡವರಿಸಿ, ಒಂದೊಂದಾಗಿ ಉಳಿದವನ್ನೂ ಸೇರಿಸಿಕೊಂಡು, ಅರ್ಧ ನಿಮಿಷದಲ್ಲಿ ಹನ್ನೆರಡರಲ್ಲೂ ನಿಂತಿತು.

ಹೊಂದಾಣಿಕೆಯನ್ನು ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಅಲ್ಯೂಮಿನಿಯಮಿನ ಎಂಜಿನ್ ಕಾದು ಹಿಗ್ಗಿದಾಗ ಕಡ್ಡಿಗಳ ಅಂತರ ಬದಲಾಗಿ ನಾಲ್ಕು ಸ್ಪಿಂಡಲುಗಳ ಒಮ್ಮತ ಒಡೆಯುತ್ತದೆ. ಎಣ್ಣೆ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಎಲ್ಲ ಕಡ್ಡಿಗಳನ್ನು ಕಳಚಿ, ಪ್ರತಿ ಕಾರ್ಬ್ಯುರೇಟರನ್ನು ಸ್ವತಂತ್ರವಾಗಿ ಬಿಟ್ಟು, ಗಾಳಿಯ ಹರಿವನ್ನು ಗಂಟೆಗೆ ಕಿಲೋ ಲೆಕ್ಕದಲ್ಲಿ ತೋರಿಸುವ ಮಾಪಕವನ್ನು ಹನ್ನೆರಡು ಗಂಟಲುಗಳ ಮೇಲೆ ಒಂದಾದ ಮೇಲೊಂದು ಇಟ್ಟು ನೋಡಿದೆ. ಮೊದಲ ಸುತ್ತಿನಲ್ಲಿ ಮೂರರಿಂದ ಐದೂವರೆಯವರೆಗೆ ಅಂಕಿಗಳು ಚದುರಿದ್ದವು. ನಾಲ್ಕು ಸುತ್ತುಗಳ ನಂತರ ಎಲ್ಲವೂ ನಾಲ್ಕರ ಆಸುಪಾಸಿಗೆ ಬಂದವು. ನಡುವೆ ಎಂಜಿನ್ ಹೆಚ್ಚು ಕಾಯದಂತೆ ಎರಡು ಬಾರಿ ನಿಲ್ಲಿಸಿ ಕಾದೆ. ಆಮೇಲೆ ಮಿಶ್ರಣದ ಹನ್ನೆರಡು ಸ್ಕ್ರೂಗಳು. ಒಂದೊಂದನ್ನೂ ಎಂಜಿನ್ ಸುತ್ತು ಇಳಿಯುವವರೆಗೆ ಒಳಗೆ ತಿರುಗಿಸಿ, ಮತ್ತೆ ಅದು ತಿಳಿಯಾಗುವವರೆಗೆ ಹೊರಗೆ ತರಬೇಕು. ಕಡ್ಡಿಗಳನ್ನು ಕೊನೆಯಲ್ಲಿ, ಯಾವ ಸ್ಪಿಂಡಲನ್ನೂ ಎಳೆಯದಂತೆ ಉದ್ದವನ್ನು ಹೊಂದಿಸಿ ಸಿಕ್ಕಿಸಿದೆ. ಸಂಜೆಯ ಹೊತ್ತಿಗೆ ಸುಮಾರು 1000 ಸುತ್ತಿನಲ್ಲಿ ಎಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಬಿಡಿ ಬಿಡಿಯಾಗಿ ಕೇಳುತ್ತಿದ್ದ ಹನ್ನೆರಡು ಉಸಿರುಗಳು ಒಂದೇ ಶ್ರುತಿಗೆ ಕೂಡಿದ ಆ ಗಳಿಗೆಯಲ್ಲಿ ಅಂಗಡಿಯ ಇತರರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಂತರು.

ಪ್ರಯೋಗದ ಓಟಕ್ಕೆ ನೊನಾಂತೊಲಾದಿಂದ ಸಾಂತಾಗಾತಾ ಕಡೆಗೆ, ಕಾಲುವೆಗಳ ಪಕ್ಕದ ನೇರ ರಸ್ತೆಗಳಲ್ಲಿ ಹೋದೆ. ಬೇಕೆಂದೇ ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಐದೈದು ನಿಮಿಷ ಕಾದೆ. ವಾಸನೆ ಬರಲಿಲ್ಲ. ಹೊರಡಲು ಕಾಲು ಒತ್ತಿದಾಗ ಕೆಮ್ಮಲಿಲ್ಲ. ಹಿಂತಿರುಗಿ ಬಂದು ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಾಲಾಗಿ ಇಟ್ಟಾಗ ಹನ್ನೆರಡರ ಬಣ್ಣವೂ ಹುರಿದ ಕಾಫಿಬೀಜದ ತಿಳಿಛಾಯೆಗೆ ಬಂದಿತ್ತು. ಮೊದಲು ಮಸಿ ಹಿಡಿದಿದ್ದ ಎರಡು ಯಾವುವೆಂದು ಗುರುತಿಸಲು ನಾನು ನನ್ನ ಟಿಪ್ಪಣಿಯನ್ನೇ ನೋಡಬೇಕಾಯಿತು.

ಆ ರಾತ್ರಿ ಕಾದ ಎಂಜಿನ್ನಿನ ಮೇಲೆ, ಹನ್ನೆರಡು ಗಂಟಲುಗಳ ಬುಡದಲ್ಲಿ, ಹೀರುಕಾಗದದ ಹನ್ನೆರಡು ತುಂಡುಗಳನ್ನು ಸಂಖ್ಯೆ ಬರೆದು ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದೆ, ಮೂಸಿದೆ. ಹನ್ನೆರಡೂ ಒಣಗಿದ್ದವು. ರೆಗ್ಯುಲೇಟರಿನ ಕುತ್ತಿಗೆಗೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ತಂತಿಯಿಂದ ಕಟ್ಟಿ, ಮುಂದೆ ಯಾರು ಈ ಮುಚ್ಚಳ ಎತ್ತಿದರೂ ಮೊದಲು ಕಣ್ಣಿಗೆ ಬೀಳುವಂತೆ ಅದರ ಮೇಲೆ ಇಟಾಲಿಯನ್ನಿನಲ್ಲಿ '0.22 ಬಾರ್, ಮೊದಲು ಇದನ್ನು ಅಳೆಯಿರಿ' ಎಂದು ಕೊರೆದು, ಹಿಂಬದಿಯ ಚಿಪ್ಪನ್ನು ಇಳಿಸಿದೆ.